ಜಟ್ಟೆಮ್ಮನನ್ನು ಗಡಿ ದಾಟಿಸಿದ್ದು

ಜಟ್ಟೆಮ್ಮನನ್ನು ಬಿಡಿಸಿಕೊಂಡು ಬರಲು ಹೋದವರು ನಾವು. ಮೊದಲ ಸಲ ಅವಳನ್ನು ದೇವರು ಮಾಡಿ ಕೂರಿಸಿ ಬರಿಗೈಯಲ್ಲಿ ವಾಪಸು ಬಂದೆವು. ದೊಡ್ಡವರ ಮನೆಯ ಕಸ ನಮಗೆ ಗೊತ್ತಿತ್ತು. ಅವರ ಭಕ್ತಿ ಗೊತ್ತಿರಲಿಲ್ಲ.

ನಾನು ಆದಿಲಕ್ಷ್ಮಿ. ಇಂದಿರಾನಗರದ ರಸ್ತೆಗಳನ್ನು ಗುತ್ತಿಗೆ ಲೆಕ್ಕದಲ್ಲಿ ಗುಡಿಸುವವಳು. ಎರಡು ಸಾವಿರದ ಎರಡನೇ ಇಸವಿ. ಮನೆ ಬಾಗಿಲಿಗೇ ಹೋಗಿ ಕಸ ಎತ್ತುವ ಪದ್ಧತಿ ಆಗ ಹೊಸದಾಗಿ ಬಂದಿತ್ತು. ತಳ್ಳುಗಾಡಿ ಕೊಟ್ಟರು, ಸೀಟಿ ಕೊಟ್ಟರು. ಕೈಗೆ ಏನೂ ಕೊಡಲಿಲ್ಲ. ಬರಿಗೈಯಲ್ಲೇ ಬಾಚುತ್ತಿದ್ದೆ. ಯಾರ ಮನೆಯಲ್ಲಿ ಏನು ತಿಂದರು, ಯಾರ ಮನೆಯಲ್ಲಿ ಯಾರು ಕದ್ದು ಕುಡಿದರು, ಎಲ್ಲ ನನ್ನ ಕೈಗೆ ಬರುತ್ತಿತ್ತು. ಸೀಟಿ ಊದಿದಾಗ ಕೆಲಸದವಳು ಬುಟ್ಟಿ ತಂದರೆ ಅದು ಸಾಧಾರಣ ಮನೆ. ಅರಮನೆಯಂಥ ಮನೆ ಇದ್ದೂ ಯಜಮಾನಿಯೇ ಮೂಗು ಮುಚ್ಚಿಕೊಂಡು ಬುಟ್ಟಿ ತಂದರೆ, ಒಳಗೆ ಯಾರನ್ನೋ ಕೂಡಿಹಾಕಿದ್ದಾರೆ ಎಂದೇ ಅರ್ಥ. ಗೇಟಿನವರೆಗೆ ಬಿಟ್ಟರೆ ಓಡಿಹೋಗುತ್ತಾರೆ ಎಂಬ ಭಯ ಅವರಿಗೆ.

ಅಂಥವರನ್ನು ಓಡಿಸಿಕೊಂಡು ಹೋಗುವುದೇ ನಮ್ಮ ಗುಂಪಿನ ಕೆಲಸ. ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಕಸ ನೋಡಿ ಮನೆ ಗುರುತಿಸುವವಳು ನಾನು. ಹಲಸೂರಿನ ಬಾಲಮ್ಮ ಮನೆಮನೆಗೆ ಹೂವು ಕೊಡುವವಳು, ಒಳಗಿನವರ ಜೊತೆ ಮಾತಾಡುವುದು ಅವಳ ಪಾಲು. ನನ್ನ ಗಂಡ ಮುನಿರಾಜಪ್ಪ ರಸೆಲ್ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು. ಅಲ್ಲಿಂದ ತರಕಾರಿ ಸಾಗಿಸುವ ಅಕ್ತರ್‌ನ ಟೆಂಪೋದಲ್ಲಿ ಬಿಡಿಸಿದವರನ್ನು ಬಚ್ಚಿಟ್ಟು ರಾಮಮೂರ್ತಿ ನಗರದ ನಮ್ಮವರ ಮನೆಗೆ ಮುಟ್ಟಿಸುತ್ತಿದ್ದೆವು. ಒಬ್ಬಳು ಎಲೆಕೋಸಿನ ಮೂಟೆಗಳ ನಡುವೆ ಹೋದಳು. ಇನ್ನೊಬ್ಬಳು ಮದುವೆ ಮನೆಯ ಬಾಳೆಕಂದುಗಳ ಕೆಳಗೆ ಮಲಗಿ ಹೋದಳು.

ಜಟ್ಟೆಮ್ಮ ಯಾದಗಿರಿ ಕಡೆಯವಳು. ಅವಳ ಅಪ್ಪ ಅಮರಪ್ಪ ಲಕ್ಷ್ಮಿಕಾಂತ ಸಾಹೇಬರ ಹೊಲದಲ್ಲಿ ಜೀತಕ್ಕಿದ್ದವನು. ಸಾಹೇಬರು ಸರ್ಕಾರಿ ನೌಕರಿಯ ಮೇಲೆ ಬೆಂಗಳೂರಿಗೆ ಬರುವಾಗ ಟ್ರಂಕು, ಬೀರು, ಹಿಟ್ಟಿನ ಡಬ್ಬಗಳ ಜೊತೆ ಅಮರಪ್ಪನ ಮಗಳನ್ನೂ ಲಾರಿಗೆ ಹತ್ತಿಸಿದರು. ಆಗ ಅವಳ ಹಾಲುಹಲ್ಲು ಬೀಳುತ್ತಿದ್ದವಂತೆ. ಸಾಹೇಬರು ರಿಟೈರಾದರು. ಇವಳಿಗೆ ರಿಟೈರಿಲ್ಲ. ಪಾತ್ರೆ, ಬಟ್ಟೆ, ಕಕ್ಕಸು, ನಾಯಿಯ ಹೇಲು ಎಲ್ಲ ಅವಳದೇ. ಹೊಲಗೇರಿಯ ಹುಡುಗಿ ಅಂತ ಅಡುಗೆಮನೆ ಹೊಸ್ತಿಲು ದಾಟುವಂತಿಲ್ಲ. ಮಲಗುವುದು ಮೆಟ್ಟಿಲ ಕೆಳಗೆ, ನೀರಿನ ಪಂಪಿನ ಪಕ್ಕ. ಉಣ್ಣುವ ತಾಟು ನಾಯಿಯ ತಾಟಿನ ಪಕ್ಕ. ನಾಯಿಯದು ಸ್ಟೀಲಿನದು, ಇವಳದು ಸೊಟ್ಟಗಾದ ಅಲ್ಯೂಮಿನಿಯಂ. ಸಂಬಳ ಎಂಬ ಮಾತೇ ಆ ಮನೆಯಲ್ಲಿ ಹುಟ್ಟಿರಲಿಲ್ಲ. ಯಾರಾದರೂ ಕೇಳಿದರೆ ನಾಗರತ್ನಾ ಮೇಡಂ, ಮನೆ ಮಗಳ ಹಾಗೆ ಇಟ್ಟುಕೊಂಡಿದ್ದೇವೆ ಎನ್ನುತ್ತಿದ್ದರು. ಮನೆ ಮಗಳನ್ನು ಬೀಗ ಹಾಕಿ ಇಟ್ಟುಕೊಂಡಿದ್ದರು.

ಮೊದಲು ನಾನೂ ಬಾಲಮ್ಮನೂ ಪೊಲೀಸರ ಹತ್ತಿರವೇ ಹೋದೆವು. ಜೀತ ಇಟ್ಟುಕೊಂಡರೆ ಜೈಲು ಎಂದು ಪೌರಕಾರ್ಮಿಕರ ಸಂಘದ ಸಭೆಯಲ್ಲಿ ಕೇಳಿದ್ದೆ. ಒಬ್ಬ ಪೇದೆ ವಿಚಾರಣೆಗೆ ಹೋದ. ಸೋಫಾದಲ್ಲಿ ಕೂತು ಕಾಫಿ ಕುಡಿದ. ಜೀತ ಅನ್ನೋದು ಹಳ್ಳಿಯಲ್ಲಿರುತ್ತೆ, ಇದು ಇಂದಿರಾನಗರ ಎಂದು ನಮಗೇ ಬುದ್ಧಿ ಹೇಳಿ ಕಳಿಸಿದ. ಅವನು ಕುಡಿದಿಟ್ಟ ಲೋಟ ತೊಳೆದವಳು ಜಟ್ಟೆಮ್ಮ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಸಾಹೇಬರ ಮಗಳು ಮಸ್ಕತ್‌ನಲ್ಲಿ ಬಸುರಿ. ಬಾಣಂತನಕ್ಕೆ ಜಟ್ಟೆಮ್ಮನನ್ನು ಕಳಿಸುತ್ತಾರೆ, ಪಾಸ್‌ಪೋರ್ಟೂ ಬಂದಿದೆ. ಅದರಲ್ಲಿ ಅವಳ ಅಪ್ಪನ ಹೆಸರಿನ ಜಾಗದಲ್ಲಿ ಏನು ಬರೆಸಿದ್ದಾರೋ ಅವಳಿಗೂ ಗೊತ್ತಿಲ್ಲ. ಹಿತ್ತಲ ಗ್ರಿಲ್ಲಿನ ಸಂದಿಯಿಂದ ಹೂವಿನ ಪೊಟ್ಟಣ ತೆಗೆದುಕೊಳ್ಳುತ್ತಾ ಅವಳೇ ಇದನ್ನು ಬಾಲಮ್ಮನಿಗೆ ಹೇಳಿದ್ದು. ಸಮುದ್ರ ದಾಟಿಸಿಬಿಟ್ಟರೆ ಅಕ್ತರ್‌ನ ಟೆಂಪೋ ಅಲ್ಲಿಗೆ ಹೋಗುವುದಿಲ್ಲ.

ಉಪಾಯ ಬಾಲಮ್ಮನದು.

"ನಾವ್ಯಾಕೆ ಅಕ್ಕಾ ಕದಿಯೋದು? ಅವ್ರೇ ಆಚೆ ಹಾಕ್ತಾರೆ ಮಾ. ಮೈಮೇಲೆ ಅಮ್ಮ ಎದ್ದಂಗೆ ಮಾಡು, ಸಾಕು."

ಸಿಡುಬಿನಂಥ ಗುಳ್ಳೆ ಎದ್ದರೆ ಅಮ್ಮ ಬಂದಳು ಎನ್ನುವುದು ಎಲ್ಲರಿಗೂ ಗೊತ್ತು. ಕೆಲಸದವಳ ಮೈಮೇಲೆ ಅಮ್ಮ ಎದ್ದರೆ ದೊಡ್ಡವರು ಏನು ಮಾಡುತ್ತಾರೆ ಎಂಬುದು ನಮಗೆ ಗೊತ್ತು. ಹಲಸೂರಿನ ಒಂದು ಮನೆಯಲ್ಲಿ ಇದನ್ನೇ ಮಾಡಿದ್ದೆವು. ಒಲೆ ಮೇಲಿಟ್ಟ ಹಾಲು ಉಕ್ಕುವ ಮೊದಲೇ ಆ ಹುಡುಗಿಯನ್ನು ಚಾಪೆ ಸಮೇತ ಬೀದಿಗೆ ಬಿಸಾಕಿದ್ದರು. ಹೀಗಾಗಿ ಬಾಲಮ್ಮ ಹೂವಿನ ಪೊಟ್ಟಣದಲ್ಲಿ ಸುಣ್ಣ, ಅರಿಶಿನ ಇಟ್ಟು ಕೊಟ್ಟಳು. ಎರಡೂ ಕಲಸಿದರೆ ಕೆಂಪು. ಜಟ್ಟೆಮ್ಮ ಕಡ್ಡಿಯಲ್ಲಿ ಮುಖಕ್ಕೆ, ಕೈಗೆ, ಕತ್ತಿಗೆ ಚುಕ್ಕಿ ಇಟ್ಟುಕೊಂಡಳು. ಸುಣ್ಣ ಚರ್ಮವನ್ನು ಸುಟ್ಟು ನಿಜವಾದ ಗುಳ್ಳೆಯೇ ಎದ್ದಿತು. ಅವಳು ಹಲ್ಲು ಕಚ್ಚಿ ಸಹಿಸಿದಳು.

ಅಕ್ತರ್ ಬೀದಿಯ ಮೂಲೆಯಲ್ಲಿ ಟೆಂಪೋ ಚಾಲೂ ಇಟ್ಟುಕೊಂಡೇ ಕಾದ. ಗೇಟು ತೆಗೆಯಿತು. ಲಕ್ಷ್ಮಿಕಾಂತ ಸಾಹೇಬರು ಬರಿಗಾಲಲ್ಲಿ ಓಡಿಬಂದು ಪಾರ್ಕಿನ ಬೇವಿನ ಮರ ಹತ್ತಿದರು. ಅರವತ್ತು ದಾಟಿದ ಮನುಷ್ಯ, ಪಂಚೆ ಎತ್ತಿ ಕಟ್ಟಿ, ಸೊಪ್ಪು ಮುರಿದುಕೊಂಡು ಇಳಿದು, ಒಳಗೆ ಹೋಗಿ ಗೇಟು ಹಾಕಿಕೊಂಡರು. ಆಮೇಲೆ ಮೇಡಂ ಬಂದು ಗೇಟಿನ ಮುಂದೆ ರಂಗೋಲಿ ಬಿಟ್ಟರು. ಅಕ್ತರ್‌ನ ಕೊತ್ತಂಬರಿ ಬಾಡಿತು. ಜಟ್ಟೆಮ್ಮ ಬರಲಿಲ್ಲ.

ನಮಗೆ ತಿಳಿಯದ ಸಂಗತಿ ಒಂದಿತ್ತು. ಸಾಹೇಬರ ಅಜ್ಜಿ ಒಂದು ಕಾಲದಲ್ಲಿ ಅಮ್ಮ ಎದ್ದ ಜೀತದವಳನ್ನು ಹೊರಗೆ ಅಟ್ಟಿದ್ದಳಂತೆ. ಅದೇ ವರ್ಷ ಎತ್ತು ಸತ್ತವು, ಹಿರಿಮಗ ಸತ್ತ. ಆ ಜೀತದವಳೂ ಹಳ್ಳದ ದಂಡೆಯಲ್ಲಿ ಸತ್ತಳು, ಆದರೆ ಅದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಅವತ್ತಿನಿಂದ ಆ ವಂಶಕ್ಕೆ ಭಯ. ತಾನಾಗಿ ಬಂದ ಅಮ್ಮನನ್ನು ಹೊರಗೆ ಹಾಕುವುದುಂಟೇ ಎಂದು ಜಟ್ಟೆಮ್ಮನನ್ನು ಮೆಟ್ಟಿಲ ಕೆಳಗಿಂದ ಎಬ್ಬಿಸಿ ಹಾಲ್‌ನ ದಿವಾನದ ಮೇಲೆ ಕೂರಿಸಿದರು. ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದವರು ಅವಳ ಪಾದ ತೊಳೆದು ಆ ನೀರನ್ನು ಕುಡಿದರು.

ದೇವರು ಪಾತ್ರೆ ತೊಳೆಯುವುದಿಲ್ಲ. ಎರಡೇ ದಿನಕ್ಕೆ ಮನೆ ನಾರತೊಡಗಿತು. ಬೇರೆ ಕೆಲಸದವರು ಯಾರೂ ಅಮ್ಮ ಇರುವ ಮನೆಗೆ ಕಾಲಿಡಲಿಲ್ಲ. ಕೊನೆಗೆ ಮೇಡಂ ಬೀದಿಯಲ್ಲಿದ್ದ ನನ್ನನ್ನೇ ಕರೆದರು. ಕಕ್ಕಸು ತೊಳೆಯಬೇಕು, ಅಮ್ಮ ಇರುವ ಮನೆ, ಮಡಿಯಾಗಿ ಬಾ ಎಂದರು. ಕಸದ ಗಾಡಿ ಬಿಟ್ಟು ಬರುವವಳು ಎಲ್ಲಿಂದ ಮಡಿ ತರಲಿ? ತಲೆಗೆ ಒಂದು ಚೊಂಬು ನೀರು ಸುರಿದು ಅವರೇ ಮಡಿ ಮಾಡಿದರು.

ಹಾಲ್‌ನಲ್ಲಿ ಜನ ಜಾತ್ರೆ. ಪಕ್ಕದ ಬ್ಯಾಂಕ್ ಮ್ಯಾನೇಜರು, ಎದುರು ಮನೆಯ ಡಾಕ್ಟರ ಹೆಂಡತಿ, ಕಾರು ಷೋರೂಮಿನವರು. ಡಾಕ್ಟರ ಹೆಂಡತಿಯೇ ಎದುರಿಗಿದ್ದೂ ಒಬ್ಬರೂ ಆ ಗುಳ್ಳೆ ಎಂಥದ್ದು ಎಂದು ಬಗ್ಗಿ ನೋಡಿರಲಿಲ್ಲ. ಜಟ್ಟೆಮ್ಮ ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಕೂತಿದ್ದಳು. ನೆಲ ಒರೆಸುವ ನೆಪದಲ್ಲಿ ನಾನು ಅವಳ ಕಾಲ ಹತ್ತಿರ ಹೋದೆ. ಅವಳು ತುಟಿ ಅಲುಗಿಸದೆ ಹೇಳಿದಳು.

"ಯಕ್ಕಾ, ಪಾತ್ರಿ ತಿಕ್ಕೂದಾ ಚಲೋ ಇತ್ತು. ಈ ಮಂದಿ ಕಾಲ ಹಿಡದ್ರ ಬಿಡವಲ್ರು. ಉಚ್ಚಿ ಹೊಯ್ಯಾಕೂ ಬಿಡವಲ್ರು. ಉರಿ ಆಗ್ಲಿಕತ್ತೈತಿ, ತುರಸಾಕ ಕೈ ಎತ್ತಿದ್ರ ಆಶೀರ್ವಾದ ಅಂತಾರ."

ನಾನು ನಕ್ಕೆ. ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅವಳ ಕತ್ತಿನ ಚರ್ಮ ಸುಲಿದು ಹೋಗಿತ್ತು.

ತಾನು ದೇವರಲ್ಲ ಎಂದು ಅವಳು ಹೇಳಿ ನೋಡಿದ್ದಳಂತೆ. ನನ್ನ ಊರಿಗೆ ಕಳಿಸಿ ಎಂದು ಎಲ್ಲರೆದುರು ಅತ್ತಿದ್ದಳು. ಅದನ್ನು ಕೇಳಿ ಬ್ಯಾಂಕ್ ಮ್ಯಾನೇಜರು ನೆಲಕ್ಕೆ ಹಣೆ ಹಚ್ಚಿದರು. ಅವರು ಸ್ವಂತ ಊರಿಗೆ ವರ್ಗ ಕೇಳಿಕೊಂಡಿದ್ದರು. ಮರುದಿನವೇ ಆರ್ಡರು ಬಂತು. ಆಮೇಲೆ ಜನ ಇಮ್ಮಡಿಯಾದರು. ಅವಳು ಅತ್ತರೆ ವರ, ಬೈದರೆ ವರ, ಸುಮ್ಮನಿದ್ದರೆ ಮೌನವ್ರತ. ಇಪ್ಪತ್ತು ವರ್ಷ ಅವಳ ಮಾತು ಕೇಳದಿದ್ದ ಮನೆ ಈಗ ಪ್ರತಿ ಮಾತಿಗೂ ಕಿವಿಗೊಟ್ಟಿತ್ತು, ಆದರೆ ಒಂದು ಮಾತೂ ಕೇಳಿಸಿಕೊಳ್ಳಲಿಲ್ಲ. ಬಾಲಮ್ಮನ ಹೂವಿನ ವ್ಯಾಪಾರ ಮಾತ್ರ ಜೋರಾಯಿತು. ಅವಳಿಗೆ ಆ ದುಡ್ಡು ಗಂಟಲಲ್ಲಿ ಇಳಿಯಲಿಲ್ಲ.

ನನಗೆ ಸಿಟ್ಟು ಬಂದದ್ದು ಆ ಜನರ ಮೂಢತನಕ್ಕಲ್ಲ. ಮೂಢರು ನಮ್ಮ ಕೇರಿಯಲ್ಲೂ ಇದ್ದಾರೆ. ಅವಳನ್ನು ಕಾಲ ಕೆಳಗೆ ಇಟ್ಟಾಗಲೂ ತಲೆಯ ಮೇಲೆ ಇಟ್ಟಾಗಲೂ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಕೂರು ಎನ್ನಲಿಲ್ಲವಲ್ಲ, ಅದಕ್ಕೆ ಬಂತು ಸಿಟ್ಟು.

ಎರಡನೇ ಉಪಾಯವೂ ಬಾಲಮ್ಮನದೇ. ಬಂದ ಅಮ್ಮನನ್ನು ಮರ್ಯಾದೆಯಿಂದ ಊರ ಗಡಿ ದಾಟಿಸಬೇಕು, ಮೊಸರನ್ನದ ಎಡೆ ಇಟ್ಟು, ತಮಟೆ ಬಡಿದು ಕಳಿಸಿಕೊಡಬೇಕು, ಇಲ್ಲದಿದ್ದರೆ ಅವಳು ಅಲ್ಲೇ ನೆಲೆ ನಿಂತು ವರ್ಷ ವರ್ಷವೂ ಬಲಿ ಕೇಳುತ್ತಾಳೆ ಎಂದು ಮೇಡಂ ಕಿವಿಗೆ ಹಾಕಿದಳು. ಮೇಡಂ ಒಪ್ಪಿದರು. ಜೊತೆಗೆ ಮಸ್ಕತ್‌ನ ಟಿಕೆಟ್ಟಿನ ದಿನವೂ ಹತ್ತಿರ ಬಂದಿತ್ತು.

ತಮಟೆ ನಮ್ಮ ಮನೆಯಲ್ಲಿತ್ತು. ಆದರೆ ನನ್ನ ಗಂಡ ದೀಕ್ಷೆ ತೆಗೆದುಕೊಂಡು ಬೌದ್ಧನಾದವನು. ನಾನೂ ಅವನ ಜೊತೆಗೇ ತೆಗೆದುಕೊಂಡಿದ್ದೆ. ಅವತ್ತೇ ಅವನು ತಮಟೆಯನ್ನು ಅಟ್ಟಕ್ಕೆ ಎಸೆದಿದ್ದ. ಅವನಪ್ಪ ಗೌಡರ ಹೆಣದ ಮುಂದೆ, ಮಾರಿಯ ಮುಂದೆ ಬೆರಳು ಒಡೆಯುವ ಹಾಗೆ ಬಡಿದು, ಕೊನೆಗೆ ಎಂಜಲು ಕೂಳಿಗೆ ಟವೆಲು ಒಡ್ಡುವುದನ್ನು ಕಂಡು ಬೆಳೆದವನು. ಯಾವ ದೇವರ ಮುಂದೆಯೂ ಇನ್ನು ಬಡಿಯುವುದಿಲ್ಲ ಎಂದು ಬಾಬಾಸಾಹೇಬರ ಫೋಟೋ ಮುಂದೆ ಮಾತು ಕೊಟ್ಟಿದ್ದ. ನಾನು ಕೇಳಿದಾಗ ತಟ್ಟೆ ಬಿಟ್ಟು ಎದ್ದುಹೋದ. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದ.

"ದೇವ್ರಿಗಲ್ಲ ಕಣೇ," ಎಂದ. "ಜಟ್ಟೆಮ್ಮಂಗೆ."

ಗಡಿ ಯಾವುದು ಎಂಬ ಪ್ರಶ್ನೆ ಎದ್ದಿತು. ಹಳ್ಳಿಯಾದರೆ ಗಡಿಕಲ್ಲು ಇರುತ್ತದೆ. ಲಕ್ಷ್ಮಿಕಾಂತ ಸಾಹೇಬರು ಸರ್ಕಾರದಲ್ಲಿ ದುಡಿದವರು, ಅಡ್ಡಾದಿಡ್ಡಿ ಗಡಿ ಒಪ್ಪುವವರಲ್ಲ. ವಾರ್ಡಿನ ಗಡಿಯೋ, ಪಿನ್ ಕೋಡಿನ ಗಡಿಯೋ ಎಂದು ಗೆಳೆಯರ ಜೊತೆ ಚರ್ಚಿಸಿದರು. ಅಮ್ಮನಂಥ ಅಮ್ಮನನ್ನು ಬರೀ ವಾರ್ಡು ದಾಟಿಸಿದರೆ ಸಾಲದು ಎಂದು ತೀರ್ಮಾನವಾಯಿತು. ಕೊನೆಗೆ ಹಳೇ ಮದ್ರಾಸು ರಸ್ತೆಯಲ್ಲಿ, ಬೈಯಪ್ಪನಹಳ್ಳಿ ದಾಟಿದ ಮೇಲೆ, ಬೆಂಗಳೂರು ಪಾಲಿಕೆಯ ಹದ್ದು ಮುಗಿದು ಕೆ.ಆರ್. ಪುರದ ನಗರಸಭೆಯ ಹದ್ದು ಶುರುವಾಗುವ ಜಾಗ ಗೊತ್ತುಮಾಡಿದರು. ಅಲ್ಲಿ ಪೊಲೀಸ್ ಠಾಣೆಯ ಸರಹದ್ದೂ ಬದಲಾಗುತ್ತದೆ ಎಂದು ಹೆಮ್ಮೆಯಿಂದ ಹೇಳಿದರು. ನನಗೆ ಆ ಜಾಗ ಚೆನ್ನಾಗಿ ಗೊತ್ತು. ಅಲ್ಲಿಯ ಕಸವನ್ನು ಈ ಕಡೆಯವರೂ ಎತ್ತುವುದಿಲ್ಲ, ಆ ಕಡೆಯವರೂ ಎತ್ತುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಮೆರವಣಿಗೆ ಹೊರಟಿತು. ಮುಂದೆ ಮುನಿರಾಜಪ್ಪನ ತಮಟೆ. ಹಿಂದೆ ಬೇವಿನ ಸೊಪ್ಪು ಹಿಡಿದ ಬಾಲಮ್ಮ. ನಡುವೆ ಬರಿಗಾಲಲ್ಲಿ ಜಟ್ಟೆಮ್ಮ, ಅವಳ ತಲೆಯ ಮೇಲೆ ಸಾಹೇಬರು ಹಿಡಿದ ಗಾಲ್ಫ್ ಕೊಡೆ. ಮೇಡಂ ತಲೆಯ ಮೇಲೆ ಮೊಸರನ್ನದ ಮಡಕೆ. ಅವರ ಹಿಂದೆ ಬಡಾವಣೆಯ ಜನ, ನಾಯಿ, ನಾಯಿಯ ಹಿಂದೆ ಖಾಲಿ ಕಾರು. ವಿಚಾರಣೆಗೆ ಬಂದಿದ್ದ ಅದೇ ಪೇದೆ ಸೀಟಿ ಊದುತ್ತಾ ಬಸ್ಸುಗಳನ್ನು ನಿಲ್ಲಿಸಿ ದಾರಿ ಬಿಡಿಸಿದ. ಜೀತದವಳನ್ನು ಯಜಮಾನನೇ ಕೊಡೆ ಹಿಡಿದು, ಪೊಲೀಸನೇ ದಾರಿ ಬಿಡಿಸಿ, ಹಾಡುಹಗಲಲ್ಲಿ ಓಡಿಸಿಕೊಂಡು ಹೋಗುತ್ತಿದ್ದರು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ಕೈ ಮುಗಿದರು. ನಮ್ಮ ಗುಂಪಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಜಟ್ಟೆಮ್ಮನ ಅಂಗಾಲು ಬಿಸಿ ಟಾರಿಗೆ ಸುಡುತ್ತಿತ್ತು, ಆದರೂ ಅವಳು ಎಲ್ಲರಿಗಿಂತ ಬಿರುಸಾಗಿ ನಡೆಯುತ್ತಿದ್ದಳು. ಕೊಡೆ ಹಿಡಿದ ಸಾಹೇಬರು ಏದುಸಿರು ಬಿಟ್ಟುಕೊಂಡು ಓಡಬೇಕಾಯಿತು.

ಗಡಿಯಾಚೆ ಅಕ್ತರ್‌ನ ಟೆಂಪೋ ಮುಂಚೆಯೇ ಬಂದು ನಿಂತಿತ್ತು. ಅಮ್ಮನನ್ನು ಕಳಿಸಿದ ಮೇಲೆ ಎಲ್ಲರೂ ವಾಪಸು ಹೋಗುತ್ತಾರೆ, ಜಟ್ಟೆಮ್ಮ ಅಲ್ಲೇ ಉಳಿಯುತ್ತಾಳೆ, ಟೆಂಪೋ ಹತ್ತುತ್ತಾಳೆ. ಇದು ನಮ್ಮ ಲೆಕ್ಕ. ಕಸದ ಗುಡ್ಡೆಯ ಪಕ್ಕ ಜಾಗ ಸಾರಿಸಿ ಎಡೆ ಇಟ್ಟರು. ತೆಂಗಿನಕಾಯಿ ಒಡೆದರು. ಜಟ್ಟೆಮ್ಮನನ್ನು ಗಡಿಯಾಚೆ ನಿಲ್ಲಿಸಿ, ತಲೆಯ ಮೇಲಿಂದ ಬೇವಿನ ನೀರು ಸುರಿದರು. ಗುಳ್ಳೆಗಳ ಮೇಲೆ ಉಳಿದಿದ್ದ ಬಣ್ಣ ಕರಗಿ ಕೆನ್ನೆಯ ಮೇಲೆ ಇಳಿಯಿತು. ಬಾಲಮ್ಮ ಸೊಪ್ಪನ್ನು ಆಚೆ ಎಸೆದು, ಅಮ್ಮ ಹೋದಳು ಎಂದಳು. ತಮಟೆ ನಿಂತಿತು. ಎಲ್ಲರೂ ಕೈ ಮುಗಿದರು.

ಮೇಡಂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸೆರಗು ಬಿಟ್ಟರು. ಮುಖ ಬದಲಾಯಿತು.

"ಏ ಜಟ್ಟಿ, ಆತಲ್ಲ, ಅಮ್ಮ ಹ್ವಾದ್ಲು. ಹೋಗಿ ಕಾರ್‌ನ್ಯಾಗ ಹಿಂದ ಕೂಡು. ವಾರದ ಪಾತ್ರಿ ಹಂಗಾ ಬಿದ್ದಾವು."

ಅಮ್ಮನನ್ನು ಗಡಿ ದಾಟಿಸುವ ಗಡಿಬಿಡಿಯಲ್ಲಿ, ಅಮ್ಮ ಹೋದ ಮೇಲೆ ಉಳಿಯುವುದು ಜಟ್ಟೆಮ್ಮ ಎಂಬುದು ನಮ್ಮ ತಲೆಗೇ ಬಂದಿರಲಿಲ್ಲ. ದೇವರು ಗಡಿಯಾಚೆ, ಆಳು ಕಾರಿನ ಹಿಂದಿನ ಸೀಟಿಗೆ. ಅವರ ಲೆಕ್ಕ ನಮ್ಮ ಲೆಕ್ಕಕ್ಕಿಂತ ಸರಿಯಾಗಿತ್ತು.

ಬಾಲಮ್ಮ ಅವಳಿಗೆ ಕಣ್ಣು ಹೊಡೆದಳು. ಮೈ ತುಂಬಿದಂತೆ ಕುಣಿ, ಕೂಗು ಎಂದು. ಒಂದು ಸಲ ತಲೆ ಕೆದರಿ ಗುಡುಗಿದರೆ ಸಾಕಿತ್ತು, ಇಡೀ ಇಂದಿರಾನಗರ ಕಾಲಿಗೆ ಬೀಳುತ್ತಿತ್ತು. ನಾನೂ ಸನ್ನೆ ಮಾಡಿದೆ. ನನ್ನ ಗಂಡ ಕೂಡ ತಮಟೆಯ ಕಡ್ಡಿ ಎತ್ತಿದ. ಜಟ್ಟೆಮ್ಮ ನಮ್ಮನ್ನು ನೋಡಿದಳು. ಬಾಯಿಗೆ ಬಂದ ಬೇವಿನ ನೀರನ್ನು ಉಗಿದಳು.

"ಇಲ್ಲ ಬಾಲಕ್ಕ. ನಾ ಕುಣಿಯಂಗಿಲ್ಲ. ಅಕಿ ಹ್ವಾದ್ಲು. ಈಗ ಮಾತಾಡಾಕಿ ನಾನು, ಅಮರಪ್ಪನ ಮಗಳು."

ಆಮೇಲೆ ಮೇಡಂ ಕಡೆ ತಿರುಗಿದಳು. ದನಿ ಏರಲಿಲ್ಲ.

"ನಾ ಬರಂಗಿಲ್ಲ್ರಿ."

ಮೇಡಂಗೆ ಅದು ಅರ್ಥವೇ ಆಗಲಿಲ್ಲ. ಆ ಬಾಯಿಂದ ಅಂಥ ಮಾತು ಅವರು ಕೇಳಿದ್ದೇ ಇಲ್ಲ. ಎಲ್ಲಿಗೆ ಬರುವುದಿಲ್ಲ ಎಂದು ಕೇಳಿದರು. ನಿಮ್ಮ ಮನೆಗೂ ಬರುವುದಿಲ್ಲ, ಮಸ್ಕತ್‌ಗೂ ಹೋಗುವುದಿಲ್ಲ, ಇನ್ನು ನಿಮ್ಮ ಕಕ್ಕಸು ನೀವೇ ತೊಳೆದುಕೊಳ್ಳಿ ಎಂದಳು ಜಟ್ಟೆಮ್ಮ. ಮಗಳ ಹಾಗೆ ನೋಡಿಕೊಂಡೆವಲ್ಲೇ ಎಂದು ಮೇಡಂ ನಿಜವಾಗಿಯೂ ಅತ್ತರು. ಅವರು ಸುಳ್ಳು ಅಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಉರಿಸಿತು. ಸೇರಿದ್ದ ಜನ ಗೊಣಗತೊಡಗಿದರು. ಅನ್ನ ಹಾಕಿದ ಮನೆ, ಕೊಬ್ಬು ನೋಡು ಎಂದರು ಡಾಕ್ಟರ ಹೆಂಡತಿ. ಅವರ ಹಣೆಯ ಮೇಲೆ ಜಟ್ಟೆಮ್ಮನ ಪಾದದ ಕುಂಕುಮ ಇನ್ನೂ ಒಣಗಿರಲಿಲ್ಲ.

ಸಾಹೇಬರು ಕೊಡೆ ಮಡಚಿ ಪಕ್ಕಕ್ಕಿಟ್ಟು ಅವಳ ಜಡೆಗೆ ಕೈ ಹಾಕಿದರು. ಜಡೆ ಸುತ್ತಿ ಎಳೆದರು. ಅವಳು ಮಂಡಿ ಊರಿ ಬಿದ್ದಳು, ಆದರೆ ಈ ಕಡೆ ಬರಲಿಲ್ಲ. ಎರಡೂ ಕೈಯಿಂದ ನೆಲ ಹಿಡಿದುಕೊಂಡಳು. ಆಗ ಮುನಿರಾಜಪ್ಪ ಹೋಗಿ ಸಾಹೇಬರ ಕಿವಿಗೆ ತಮಟೆ ಆನಿಸಿ ಒಂದೇ ಒಂದು ಏಟು ಹೊಡೆದ. ಸಾಹೇಬರು ಕಿವಿ ಮುಚ್ಚಿಕೊಂಡು ಹಿಂದೆ ಬಿದ್ದರು. ಜಡೆ ಕೈಬಿಟ್ಟಿತು. ಅವನ ಅಪ್ಪ, ತಾತ ಬಡಿದ ಅಷ್ಟೂ ಏಟುಗಳಲ್ಲಿ ಅಂಥ ಏಟು ಒಂದೂ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಅರೆಸ್ಟ್ ಮಾಡಿ ಎಂದು ಸಾಹೇಬರು ಪೇದೆಯನ್ನು ಕೂಗಿದರು. ಪೇದೆ ಮುಂದೆ ಬಂದ. ಕಸದ ಗುಡ್ಡೆ ನೋಡಿದ. ಜಟ್ಟೆಮ್ಮ ಇದ್ದ ಜಾಗ ನೋಡಿದ. ತಲೆ ಕೆರೆದುಕೊಂಡ.

"ಸಾರ್, ಅವ್ರು ಆ ಕಡೆ ಇದಾರೆ. ಅದು ನಮ್ಮ ಲಿಮಿಟ್ಸಲ್ಲ ಸಾರ್. ನೀವೇ ಹೇಳಿದ್ರಲ್ಲ."

ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಕಪ್ಪಿಟ್ಟಿತು. ಆದರೆ ಮೂವತ್ತು ವರ್ಷ ಸರ್ಕಾರ ನಡೆಸಿದವರು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಅವರು ಎದ್ದು, ಧೂಳು ಕೊಡವಿ, ಜನರ ಕಡೆ ತಿರುಗಿ ಕೈ ಮುಗಿದರು. ಅಮ್ಮ ಇನ್ನೂ ಮೈಯಿಂದ ಇಳಿದಿಲ್ಲ ಎಂದರು. ಹುಡುಗಿಯನ್ನು ತನಗೇ ಬೇಕೆಂದು ಕೇಳುತ್ತಿದ್ದಾಳೆ, ನಾವು ಮನಸಾರೆ ಒಪ್ಪಿಸಿಬಿಟ್ಟಿದ್ದೇವೆ ಎಂದರು. ಜನ ನಿಟ್ಟುಸಿರು ಬಿಟ್ಟು ಕೈ ಮುಗಿದರು. ಅಮ್ಮನನ್ನು ಗಡಿಯಲ್ಲಿ ಬಿಟ್ಟವರು ತಿರುಗಿ ನೋಡಬಾರದು, ನೋಡಿದರೆ ಅವಳು ಬೆನ್ನು ಹತ್ತಿ ಬರುತ್ತಾಳೆ, ನಡೆಯಿರಿ ಎಂದು ಸಾಹೇಬರು ಹೇಳಿದರು. ಇಡೀ ಮೆರವಣಿಗೆ ಬೆನ್ನು ತಿರುಗಿಸಿ ಹೊರಟಿತು. ಮೇಡಂ ಖಾಲಿ ಮಡಕೆ ಹಿಡಿದು ಹೊರಟರು.

"ಅಮ್ಮ ಅಲ್ಲ," ಜಟ್ಟೆಮ್ಮ ಕೂಗಿದಳು. "ಯಾರೂ 'ಬಾ' ಅಂದಿಲ್ಲ, ಯಾರೂ 'ಹೋಗು' ಅಂದಿಲ್ಲ. ನಾನಾ ಹೊಂಟೀನಿ. ನನ್ನ ಮಾರಿ ನೋಡಿ ಕೇಳ್ರಿ."

ಒಬ್ಬರೂ ತಿರುಗಲಿಲ್ಲ. ಅವಳ ಜೀವನದಲ್ಲಿ ಅವಳದೇ ಎಂದು ಇದ್ದದ್ದು ಆ ಒಂದು ಇಲ್ಲ ಎನ್ನುವ ಮಾತು. ಅದನ್ನೂ ದೇವರ ಹೆಸರಿಗೆ ಬರೆದುಕೊಂಡು ಹೋದರು.

ಅಕ್ತರ್ ಟೆಂಪೋದ ಹಿಂದೆ ಟಾರ್ಪಾಲು ಎತ್ತಿ, ಮೂಲಂಗಿ ಮೂಟೆಗಳ ನಡುವೆ ಜಾಗ ಮಾಡಿದ್ದ. ಬೇಗ ಒಳಗೆ ಮಲಗು ಬೆಹೆನ್ ಎಂದ. ಜಟ್ಟೆಮ್ಮ ಆ ಕತ್ತಲೆಯನ್ನು ನೋಡಿದಳು. ಬೇಡ ಎಂದು ತಲೆಯಾಡಿಸಿ, ಹಸಿ ಸೀರೆಯಲ್ಲೇ ಮುಂದಿನ ಬಾಗಿಲು ತೆಗೆದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಳು. ಗಾಜು ಇಳಿಸಲು ಬರಲಿಲ್ಲ. ಅಕ್ತರ್ ಬಗ್ಗಿ ಇಳಿಸಿಕೊಟ್ಟ.

ಟೆಂಪೋ ಹೊರಟಿತು. ತಿರುಗಿ ನೋಡಬೇಡ ಎಂದು ಬಾಲಮ್ಮ ನನ್ನ ಕೈ ಹಿಡಿದು ಎಳೆದಳು, ಹೂವು ಮಾರುವವಳು, ಅವಳಿಗೆ ಅಮ್ಮನ ಭಯ. ನನಗಿಲ್ಲ. ನಾನು ತಿರುಗಿ ನಿಂತೆ. ಮುನಿರಾಜಪ್ಪನೂ ತಮಟೆ ಹೆಗಲಿಗೇರಿಸಿ ತಿರುಗಿ ನಿಂತ. ಟೆಂಪೋ ಕೆ.ಆರ್. ಪುರದ ಕಡೆ ಸಣ್ಣದಾಗುವವರೆಗೂ ಇಬ್ಬರೂ ಕಣ್ಣು ಕೀಳದೆ ನೋಡಿದೆವು. ಯಾರಾದರೂ ನೋಡಬೇಕಿತ್ತು. ಆ ಗಡಿ ದಾಟಿ ಹೋದವಳು ಜಟ್ಟೆಮ್ಮ.